ಮಾಡಿದವನ ಮಾತು: ವೇರೂಳಿನ ಸ್ಥಪತಿಯೂ ಮಣ್ಣಿನ ವಿದ್ಯಾರ್ಥಿಯೂ

೧

ಕಲಾಶಾಲೆಗಳ ಮೃತ್ಕಲಾ ವರ್ಗದಲ್ಲಿ ಶಿಲ್ಪವೊಂದನ್ನು ಮಾಡಿ ಮುಗಿಸಿದ ವಿದ್ಯಾರ್ಥಿ, ಅದರ ವಿಷಯವಾಗಿ ಒಂದು ಟಿಪ್ಪಣಿಯನ್ನೂ ಬರೆದು ಒಪ್ಪಿಸಬೇಕೆಂಬ ಪದ್ಧತಿ ಈಚೆಗೆ ಬಹುಮಟ್ಟಿಗೆ ರೂಢಿಯಾಗಿದೆ. ಕೈಯಿಂದ ಮಾಡಿದುದನ್ನು ಬುದ್ಧಿಯಿಂದ ಮತ್ತೊಮ್ಮೆ ನೋಡಲಿ ಎಂಬುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಇಂಥ ಟಿಪ್ಪಣಿಗಳು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ. ಮೊದಲನೆಯ ದಾರಿಯಲ್ಲಿ ವಿದ್ಯಾರ್ಥಿ ತನ್ನ ಮನಸ್ಸನ್ನು ಕುರಿತು ಬರೆಯುತ್ತಾನೆ: ತನ್ನ ಏಕಾಂತ, ತನ್ನ ಕಳವಳ, ತನ್ನ ಕನಸು. ಎರಡನೆಯದರಲ್ಲಿ ಕಥಾವಸ್ತುವನ್ನು ಕುರಿತು ಬರೆಯುತ್ತಾನೆ: ಪುರಾಣದ ಯಾವ ಪ್ರಸಂಗ, ಯಾವ ದೇವತೆ, ಯಾವ ಸಂಕೇತ. ಎರಡರಲ್ಲಿಯೂ ಮಣ್ಣಿನ ಮಾತು ಬಾರದು. ಗೋಡೆಯನ್ನು ಎಷ್ಟು ದಪ್ಪವಿಟ್ಟೆ, ತೋಳನ್ನು ಕೂಡಿಸಿದ ಎಡೆಯಲ್ಲಿ ಏಕೆ ಬಿರುಕು ಬಿಟ್ಟಿತು, ಒಣಗಿದ ಮೇಲೆ ಮುಖ ಏಕೆ ಚಿಕ್ಕದಾಯಿತು ಎಂಬ ಪ್ರಶ್ನೆಗಳನ್ನು ಅವನು ಬರೆಯಲು ಯೋಗ್ಯವಲ್ಲದ ಅಡಿಗೆಮನೆಯ ಮಾತುಗಳೆಂದು ಎಣಿಸುತ್ತಾನೆ.

ಈ ದೋಷ ವಿದ್ಯಾರ್ಥಿಯೊಬ್ಬನದೇ ಎಂದು ಹೇಳುವುದು ನ್ಯಾಯವಾಗದು. ಮಹಾರಾಷ್ಟ್ರದಲ್ಲಿ ನೆಲಸಿದ ಕನ್ನಡಿಗರು ವೇರೂಳಿನ ಕೈಲಾಸದ ವಿಷಯವಾಗಿ ಆಡುವ ಮಾತುಗಳಲ್ಲಿಯೂ, ಬರೆಯುವ ಲೇಖನಗಳಲ್ಲಿಯೂ ಇದೇ ಕೊರತೆ ಇದೆ. ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ವಿಸ್ತರಿಸಿ ಹೇಳಿದೆ; ಕೈಲಾಸವನ್ನು ಕಡೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ; ಆದುದರಿಂದ ಈ ದೇಗುಲ ನಮ್ಮದು: ಇಷ್ಟು ಹೇಳಿದಲ್ಲಿಗೆ ಅಭಿಮಾನ ತೃಪ್ತಿಗೊಂಡು ಮೌನ ತಾಳುತ್ತದೆ. ಯಾರ ಕಾಲದ್ದು, ಯಾರ ನಾಡಿನದು ಎಂಬುದಕ್ಕೆ ಉತ್ತರ ಸಿಕ್ಕಿತು. ಹೇಗೆ ಆಯಿತು ಎಂಬುದನ್ನು ಯಾರೂ ಕೇಳಲಿಲ್ಲ. ವಿದ್ಯಾರ್ಥಿ ತನ್ನ ಕೃತಿಯಲ್ಲಿ ತನ್ನ ಮನಸ್ಸನ್ನು ಮಾತ್ರ ಕಾಣುವಂತೆ, ಅಭಿಮಾನಿ ವೇರೂಳಿನಲ್ಲಿ ತನ್ನ ಕುಲವನ್ನು ಮಾತ್ರ ಕಾಣುತ್ತಾನೆ.

ವಿಚಿತ್ರವೆಂದರೆ, ಈ ಪ್ರಶ್ನೆಯನ್ನು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಕೇಳಲಾಗಿತ್ತು. ಕೇಳಿದವನು ಕೈಲಾಸವನ್ನು ಮಾಡಿದ ಸ್ಥಪತಿಯೇ ಎಂದು ಒಂದು ತಾಮ್ರಶಾಸನ ಹೇಳುತ್ತದೆ.

೨

ಆ ಶಾಸನ ದೊರೆತದ್ದು ಬಡೋದೆಯಲ್ಲಿ. ಲಾಟದೇಶವನ್ನು ಆಳುತ್ತಿದ್ದ ರಾಷ್ಟ್ರಕೂಟರ ಶಾಖೆಯ ಕರ್ಕ ಸುವರ್ಣವರ್ಷನದು ಅದು; ಕಾಲ ಶಕವರ್ಷ ೭೩೪, ಎಂದರೆ ಕ್ರಿ.ಶ. ೮೧೨-೧೩. ಕೃಷ್ಣನ ಆಳ್ವಿಕೆ ಮುಗಿದು ಆಗ ಸುಮಾರು ನಾಲ್ವತ್ತು ವರ್ಷಗಳಾಗಿದ್ದವು. ವಂಶದ ಹೊಗಳಿಕೆಯ ನಡುವೆ ಅದರಲ್ಲಿ ಏಲಾಪುರದ ದೇಗುಲವೊಂದರ ವರ್ಣನೆ ಬರುತ್ತದೆ. ಈ ಏಲಾಪುರವೇ ವೇರೂಳು, ವರ್ಣಿತವಾದ ದೇಗುಲವೇ ಕೈಲಾಸ ಎಂಬುದನ್ನು ತೋರಿಸಿಕೊಟ್ಟವರು ರಾಮಕೃಷ್ಣ ಗೋಪಾಲ ಭಾಂಡಾರಕರರು. ವರ್ಣನೆಯ ಸಾರಾಂಶ ಹೀಗಿದೆ: ವಿಮಾನಗಳಲ್ಲಿ ಸಂಚರಿಸುವ ದೇವತೆಗಳು ಈ ಆಲಯವನ್ನು ನೋಡಿ, ಮನುಷ್ಯನ ಕೃತಿಯಲ್ಲಿ ಇಂಥ ಚೆಲುವು ಕಾಣಸಿಗದು, ಇದು ತಾನಾಗಿಯೇ ಉಂಟಾದ ಶಿವನ ನೆಲೆಯಾಗಿರಬೇಕು ಎಂದು ಭಾವಿಸುತ್ತಾರೆ. ಅದನ್ನು ಮಾಡಿದ ಸ್ಥಪತಿಯಾದರೋ, ಇಂಥ ಮತ್ತೊಂದನ್ನು ಮಾಡುವ ಧೈರ್ಯ ಕುಗ್ಗಿ, ತಾನು ಇದನ್ನು ಹೇಗೆ ಮಾಡಿದೆನೆಂದು ತಾನೇ ಬೆರಗಾಗುತ್ತಾನೆ.

ಈ ವರ್ಣನೆಯ ಎರಡು ಭಾಗಗಳನ್ನು ಬೇರೆಬೇರೆಯಾಗಿ ತೂಗಿ ನೋಡಬೇಕು. ಮೊದಲನೆಯ ಭಾಗ ಕಾವ್ಯಸಂಪ್ರದಾಯಕ್ಕೆ ಸೇರಿದ್ದು. ದೇವತೆಗಳನ್ನು ವಿಮಾನದಲ್ಲಿ ಕರೆತಂದು ರಾಜನ ಕಟ್ಟಡವನ್ನು ಹೊಗಳಿಸುವುದು ಪ್ರಶಸ್ತಿಕವಿಗಳಿಗೆ ಸುಲಭವಾದ ಉಪಾಯ. ಎರಡನೆಯ ಭಾಗ ಅಷ್ಟು ಸುಲಭವಾದುದಲ್ಲ. ಕುಶಲಿಯಾದ ಶಿಲ್ಪಿಯನ್ನು ಹೊಗಳುವ ಕವಿ ಅವನ ಅಭ್ಯಾಸ, ಶಾಸ್ತ್ರಜ್ಞಾನ, ಕೈಚಳಕಗಳನ್ನು ಹೊಗಳುತ್ತಾನೆಯೇ ಹೊರತು ಅವನ ಅಂಜಿಕೆಯನ್ನು ಹೇಳುವುದಿಲ್ಲ. ಇಲ್ಲಿ ಹೇಳಿರುವುದು ಅಂಜಿಕೆಯನ್ನೇ: ಒಮ್ಮೆ ಕೈಗೂಡಿದುದು ಇನ್ನೊಮ್ಮೆ ಕೈಗೂಡುವ ನೆಚ್ಚಿಕೆಯಿಲ್ಲ. ಕೆಲಸ ಮಾಡಿದವರ ಬಳಿ ಕುಳಿತು ಕೇಳಿದವನಿಗಲ್ಲದೆ ಈ ಮಾತು ಹೊಳೆಯುವುದು ಕಷ್ಟ.

ಹಾಗೆಂದು ಶಾಸನಕವಿಯನ್ನು ಪೂರ್ತಿಯಾಗಿ ನಂಬುವಂತೆಯೂ ಇಲ್ಲ. ಅವನು ರಾಜನ ಹೆಸರನ್ನು ಹೇಳಿದ, ಸ್ಥಪತಿಯ ಹೆಸರನ್ನು ಹೇಳಲಿಲ್ಲ. ಬೆರಗು ಹೆಸರಿನ ಸ್ಥಾನವನ್ನು ಆಕ್ರಮಿಸಿತು. ‘ಹೇಗೆ ಮಾಡಿದೆ’ ಎಂಬ ಮಾತನ್ನು ಅವನು ಉದ್ಗಾರವಾಗಿ ಕೇಳಿಸಿಕೊಂಡ, ಪ್ರಶ್ನೆಯಾಗಿ ಕೇಳಿಸಿಕೊಳ್ಳಲಿಲ್ಲ. ಉದ್ಗಾರಕ್ಕೆ ಉತ್ತರ ಬೇಕಿಲ್ಲ, ಪ್ರಶ್ನೆಗೆ ಬೇಕು. ಆ ಉತ್ತರವನ್ನು ಹುಡುಕುವ ಹೊಣೆ ಮುಂದಿನವರ ಪಾಲಿಗೆ ಉಳಿಯಿತು. ಹುಡುಕತಕ್ಕವರಲ್ಲಿ ಮೊದಲಿಗನು, ಮಣ್ಣಿನಲ್ಲಿ ಕೈಯಿಟ್ಟು ಕುಳಿತ ವಿದ್ಯಾರ್ಥಿ.

೩

ಮಣ್ಣಿನಲ್ಲಿ ಈ ಉತ್ತರವನ್ನು ಹುಡುಕುವವನಿಗೆ ಗೋದಾವರಿಯ ದಂಡೆಗಿಂತ ತಕ್ಕ ಪಾಠಶಾಲೆ ದೊರೆಯದು. ನಾಸಿಕದಲ್ಲಿ ನದಿಯ ದಂಡೆಯಲ್ಲಿರುವ ಹಳೆಯ ದಿಬ್ಬಕ್ಕೆ ಜನ ಇಟ್ಟಿರುವ ಹೆಸರೇ ‘ಮಾತೀಚೀ ಗಢೀ’, ಮಣ್ಣಿನ ಕೋಟೆ. ಡೆಕ್ಕನ್ ಕಾಲೇಜಿನ ಸಾಂಕಳಿಯಾ ಮತ್ತು ದೇವ್ ಅವರು ೧೯೫೦-೫೧ರಲ್ಲಿ ನಾಸಿಕದಲ್ಲಿ ಉತ್ಖನನ ನಡೆಸಿ ೧೯೫೫ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಾಲನಿರ್ಣಯಕ್ಕೆ ಮುಖ್ಯವಾಗಿ ಒದಗಿದುದು ಮಡಕೆಯ ಚೂರುಗಳೇ. ಅರಸರ ಹೆಸರು ಅಳಿದಲ್ಲಿಯೂ ಕುಂಬಾರನ ಬೆರಳಿನ ಗುರುತು ಉಳಿಯುತ್ತದೆ ಎಂಬುದನ್ನು ಪುರಾತತ್ತ್ವಜ್ಞರು ಬಲ್ಲರು. ಕಲಾವಿಮರ್ಶಕರು ಅಷ್ಟಾಗಿ ನೆನೆಯುವುದಿಲ್ಲ.

ಅದೇ ನದಿಯ ಕೆಳದಂಡೆಯಲ್ಲಿ, ಛತ್ರಪತಿ ಸಂಭಾಜಿನಗರಕ್ಕೆ (ಹಿಂದಿನ ಔರಂಗಾಬಾದಿಗೆ) ದಕ್ಷಿಣದಲ್ಲಿ, ಸಾತವಾಹನರ ಪ್ರತಿಷ್ಠಾನವಾದ ಪೈಠಣವಿದೆ. ಅಲ್ಲಿಯೂ, ಆಗ್ನೇಯಕ್ಕೆ ತಗರಪುರವಾದ ತೇರಿನಲ್ಲಿಯೂ ಸಾತವಾಹನರ ಕಾಲದ ಸುಟ್ಟ ಮಣ್ಣಿನ ಪುಟ್ಟ ಮೂರ್ತಿಗಳು ಹೇರಳವಾಗಿ ದೊರೆತಿವೆ. ತೇರಿನವನ್ನು ಅಲ್ಲಿಯ ರಾಮಲಿಂಗಪ್ಪ ಲಾಮತೂರೆ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು. ಇವುಗಳಲ್ಲಿ ಉತ್ತಮವಾದವು ಬಿಳಿಜೇಡಿಯವು. ಮಾಡಿದ ಕ್ರಮ ಹೀಗೆ: ಮುಂಬದಿಗೊಂದು, ಹಿಂಬದಿಗೊಂದು, ಹೀಗೆ ಎರಡು ಅಚ್ಚುಗಳು, ಎರಡರಲ್ಲಿಯೂ ಮಣ್ಣನ್ನು ತೆಳುವಾಗಿ ಒತ್ತಿ ತೆಗೆದು, ಅಂಚಿಗೆ ನೀರುಮಣ್ಣು ಹಚ್ಚಿ ಜೋಡಿಸುವುದು, ಒಳಗು ಟೊಳ್ಳಾಗಿ ಉಳಿಯುವುದು. ಹಗುರ, ಸಮವಾದ ಗೋಡೆ, ಬೆಂಕಿಯಲ್ಲಿ ಒಡೆಯದ ಭರವಸೆ: ಮೂರೂ ಒಂದೇ ಉಪಾಯದಿಂದ ಲಭಿಸಿದವು.

ಮೃತ್ಕಲಾ ವರ್ಗಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿ ಈ ಟೊಳ್ಳಿನ ಅರ್ಥವನ್ನು ನಷ್ಟದಿಂದ ಕಲಿಯುತ್ತಾನೆ. ಅವನು ಮೊದಲು ಮಾಡುವ ತಲೆ ಗಟ್ಟಿಯಾದ ಮುದ್ದೆ. ಹೊರಗು ಒಣಗಿದೆಯೆಂದು ಆವಿಗೆಯಲ್ಲಿಟ್ಟಾಗ ಒಳಗೆ ಉಳಿದ ನೀರು ಆವಿಯಾಗಿ ಹೊರದಾರಿ ಕಾಣದೆ ಮೂರ್ತಿಯನ್ನು ಸಿಡಿಸುತ್ತದೆ. ಎರಡನೆಯ ಸಲ ಅವನು ಒಳಗನ್ನು ತೋಡುತ್ತಾನೆ. ಆದರೆ ಮೂಗಿನ ಬಳಿ ದಪ್ಪ, ಕೆನ್ನೆಯ ಬಳಿ ತೆಳು. ದಪ್ಪವಾದುದು ನಿಧಾನವಾಗಿ, ತೆಳುವಾದುದು ಬೇಗನೆ ಒಣಗಿ ಕುಗ್ಗುವುದರಿಂದ ಎರಡರ ನಡುವೆ ಬಿರುಕು ಬೀಳುತ್ತದೆ. ಮೂರನೆಯ ಸಲ ಗೋಡೆ ಸಮವಾಗಿದೆ; ಆದರೆ ಒಣಗಿದ ಮುಂಡಕ್ಕೆ ಹಸಿಯಾದ ತೋಳನ್ನು ಅಂಟಿಸಿದ್ದಾನೆ. ತೋಳು ಕುಗ್ಗಿ ಕಳಚಿ ಬೀಳುತ್ತದೆ. ಕೂಡತಕ್ಕ ಎರಡು ಭಾಗಗಳ ಹದ ಒಂದೇ ಆಗಿರಬೇಕು, ಕೂಡುವ ಮೈಗಳನ್ನು ಗೀರಿ ನೀರುಮಣ್ಣು ಹಚ್ಚಬೇಕು ಎಂಬ ನಿಯಮವನ್ನು ಅಧ್ಯಾಪಕರು ಮೊದಲೇ ಹೇಳಿರುತ್ತಾರೆ. ಹೇಳಿದ್ದು ಕಿವಿಯಲ್ಲಿತ್ತು, ಬಿದ್ದ ತೋಳು ಅದನ್ನು ಕೈಗೆ ಇಳಿಸಿತು.

ಈ ಮೂರು ನಷ್ಟಗಳ ಲೆಕ್ಕವೇ ಅವನ ಟಿಪ್ಪಣಿಯಾಗಬೇಕಾಗಿತ್ತು. ಇದು ಬರಿಯ ತಾಂತ್ರಿಕ ಲೆಕ್ಕವೆಂದು ಆಕ್ಷೇಪಿಸುವವರಿರಬಹುದು. ಆದರೆ ಪೈಠಣದ ಮೂರ್ತಿಯ ರೂಪವನ್ನೇ ನೋಡಿ: ಮೈಗೆ ಅಂಟಿದ ತೋಳು, ದೇಹಕ್ಕೆ ಒತ್ತಿಕೊಂಡ ಆಭರಣ, ಎಲ್ಲಿಯೂ ಹೊರಚಾಚದ ಅಂಗಗಳು. ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಂಡು ಬರಬೇಕೆಂಬ ನಿರ್ಬಂಧವೇ ಅಲ್ಲಿ ಒಂದು ಬಗೆಯ ಸಂಯಮವಾಗಿ, ದುಂಡಾದ ತುಂಬು ಲಾವಣ್ಯವಾಗಿ ಮಾರ್ಪಟ್ಟಿದೆ. ರೂಪ ಬೇರೆ, ತಂತ್ರ ಬೇರೆ ಎಂದು ಬಿಡಿಸಿ ಹೇಳುವುದು ಅಲ್ಲಿ ಸಾಧ್ಯವಿಲ್ಲ.

ಇಂಥ ಕಸಬಿಗೆ ಆ ಕಾಲದ ಸಮಾಜ ಎಷ್ಟು ಬೆಲೆ ಕೊಟ್ಟಿತ್ತೆಂಬುದಕ್ಕೆ ನಾಸಿಕದ ಪಾಂಡವ ಲೇಣಿಯ ಹತ್ತನೆಯ ಗುಹೆಯಲ್ಲಿ ಸಾಕ್ಷ್ಯವಿದೆ. ಆಭೀರ ರಾಜನಾದ ಈಶ್ವರಸೇನನ ಒಂಬತ್ತನೆಯ ವರ್ಷದ ಶಾಸನ ಅದು. ವಿಷ್ಣುದತ್ತಾ ಎಂಬ ಉಪಾಸಿಕೆ, ರೋಗಿಗಳಾದ ಭಿಕ್ಷುಗಳ ಔಷಧಕ್ಕೆಂದು ಕೆಲವು ಶ್ರೇಣಿಗಳಲ್ಲಿ ಹಣವನ್ನು ಇಡಿಸಿದಳು. ನೀರಿನ ಯಂತ್ರಗಳನ್ನು ಮಾಡುವವರ ಶ್ರೇಣಿಯಲ್ಲಿ ಎರಡು ಸಾವಿರ ಕಾರ್ಷಾಪಣ, ‘ಕುಲರಿಕ’ ಶ್ರೇಣಿಯಲ್ಲಿ ಒಂದು ಸಾವಿರ. ಗಾಣಿಗರ ಶ್ರೇಣಿಯೂ ಆ ಪಟ್ಟಿಯಲ್ಲಿದೆ. ಕುಲರಿಕರೆಂದರೆ ಕುಂಬಾರರೆಂದು ವಿದ್ವಾಂಸರು ಅರ್ಥಮಾಡಿದ್ದಾರೆ. ಅದೇ ಗುಹೆಯಲ್ಲಿ ಅದಕ್ಕಿಂತ ಹಿಂದಿನ ಉಷವದಾತನ ಶಾಸನ ನೇಕಾರರ ಶ್ರೇಣಿಗಳಲ್ಲಿ ಇಟ್ಟ ಠೇವಣಿಯ ಬಡ್ಡಿಯ ದರವನ್ನೂ ಹೇಳುತ್ತದೆ: ಎರಡು ಸಾವಿರಕ್ಕೆ ತಿಂಗಳಿಗೆ ಶೇಕಡ ಒಂದು, ಮತ್ತೊಂದು ಸಾವಿರಕ್ಕೆ ಶೇಕಡ ಮುಕ್ಕಾಲು. ಮೂಲಧನ ಎಂದೆಂದಿಗೂ ಮುಟ್ಟದೆ ಉಳಿಯತಕ್ಕದ್ದು. ಬಡ್ಡಿ ಮಾತ್ರ ವೆಚ್ಚವಾಗತಕ್ಕದ್ದು. ಅರಸುಮನೆತನಗಳು ಬಂದು ಹೋಗುವ ನಾಡಿನಲ್ಲಿ, ಅಕ್ಷಯವಾಗಿರಬೇಕಾದ ಧನವನ್ನು ಕುಂಬಾರನಲ್ಲಿಯೂ ನೇಕಾರನಲ್ಲಿಯೂ ಇಟ್ಟರು. ಕೈಕಸಬು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದೆಂಬ ನಂಬಿಕೆಯೇ ಅದಕ್ಕೆ ಜಾಮೀನು.

೪

ಕಸಬು ತಲೆಮಾರಿನಿಂದ ಇಳಿದುಬರುವ ದಾರಿ ಕಡಿದುಹೋದ ಮೇಲೆ ಅದನ್ನು ಶಾಲೆಯಲ್ಲಿ ಕಲಿಸುವ ಪ್ರಯತ್ನ ನಡೆಯಿತು. ೧೮೫೭ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಸರ್ ಜಮಶೇಟಜೀ ಜೀಜೀಭಾಯಿ ಕಲಾಶಾಲೆಯ ಚರಿತ್ರೆಯಲ್ಲಿ ಇದಕ್ಕೆ ಸಂಬಂಧಿಸಿದ ಅಧ್ಯಾಯವೊಂದಿದೆ. ಆ ಶಾಲೆಯ ಜಾನ್ ಗ್ರಿಫಿತ್ಸ್ ೧೮೭೨ರಿಂದ ೧೮೮೫ರವರೆಗೆ ತನ್ನ ವಿದ್ಯಾರ್ಥಿಗಳನ್ನು ಅಜಂತೆಗೆ ಕರೆದೊಯ್ದು ಭಿತ್ತಿಚಿತ್ರಗಳ ಪ್ರತಿಗಳನ್ನು ಮಾಡಿಸಿದ. ಮುಂದೆ ಚಿತ್ರಕಾರನೆಂದು ಹೆಸರಾದ ಪೇಸ್ತನ್‌ಜೀ ಬಮನ್‌ಜೀ ಆ ವಿದ್ಯಾರ್ಥಿಗಳಲ್ಲಿ ಒಬ್ಬ. ಲಂಡನ್ನಿಗೆ ಕಳುಹಿಸಿದ ಪ್ರತಿಗಳಲ್ಲಿ ಹಲವು ೧೮೮೫ರಲ್ಲಿ ಬೆಂಕಿಗೆ ಆಹುತಿಯಾದವು. ಅದೇ ಕಾಲದಲ್ಲಿ ಜಾರ್ಜ್ ವಿಲ್ಕಿನ್ಸ್ ಟೆರಿ ಆ ಶಾಲೆಯಲ್ಲಿ ಮೃತ್ಪಾತ್ರಗಳ ಕಾರ್ಯಶಾಲೆಯನ್ನು ಆರಂಭಿಸಿದ್ದ. ಅಜಂತೆಯಿಂದ ಬಂದ ಆಕೃತಿಗಳೂ ಅಲಂಕಾರಗಳೂ ಆ ಕಾರ್ಯಶಾಲೆಯ ಮೆರುಗಿನ ಕುಂಭಗಳ ಮೇಲೆ ಕಾಣಿಸಿಕೊಂಡವು. ವಿದೇಶದ ಪ್ರದರ್ಶನಗಳಿಗೂ ವಸ್ತುಸಂಗ್ರಹಾಲಯಗಳಿಗೂ ಹೋದವು.

ಈ ಕುಂಭಗಳನ್ನು ತಿರಸ್ಕರಿಸುವುದು ಸಲ್ಲದು. ವಿಸ್ಮೃತವಾಗಿದ್ದ ಒಂದು ಮಹಾಸಂಪ್ರದಾಯವನ್ನು ಹಿಂದೂಸ್ಥಾನದ ಎಳೆಯರು ಕೈಯಾರೆ ಬರೆದು ಕಲಿತ ಸಂದರ್ಭ ಅದು. ಆದರೂ ವಿಮರ್ಶೆಯ ದೃಷ್ಟಿಯಿಂದ ಹೇಳಬೇಕಾದ ಮಾತೊಂದು ಇದೆ. ಅಜಂತೆಯ ಚಿತ್ರ ಹರವಾದ ಗೋಡೆಗೆ, ಮಸುಕು ಬೆಳಕಿಗೆ, ನಡೆಯುತ್ತ ನೋಡುವ ಕಣ್ಣಿಗೆ ರಚಿತವಾದುದು. ಅದನ್ನು ಎತ್ತಿ ಹೂಜಿಯ ಹೊಟ್ಟೆಯ ಮೇಲಿಟ್ಟರೆ, ನೋಡುವವನು ನಿಂತಲ್ಲಿಯೇ ನಿಂತು ಹೂಜಿಯನ್ನು ತಿರುಗಿಸಬೇಕಾಗುತ್ತದೆ. ಒಂದು ಕಡೆಯ ಮುಖ ಕಂಡಾಗ ಅದು ನೋಡುತ್ತಿದ್ದ ಇನ್ನೊಂದು ಮುಖ ಮರೆಯಾಗುತ್ತದೆ. ಹೂಜಿಯ ರೂಪಕ್ಕೆ ಚಿತ್ರದಿಂದ ಬಲವಿಲ್ಲ, ಚಿತ್ರಕ್ಕೆ ಹೂಜಿಯಿಂದ ನೆಲೆಯಿಲ್ಲ. ವಿದ್ಯಾರ್ಥಿಗಳು ಅಜಂತೆಯ ರೇಖೆಯನ್ನು ಕಲಿತರು. ರೇಖೆ ನಿಂತಿರುವ ಮಣ್ಣನ್ನು ಕಲಿಯಲಿಲ್ಲ.

ಏಕೆಂದರೆ ಅಜಂತೆಯ ಚಿತ್ರಗಳ ಕೆಳಗಿರುವುದೂ ಮಣ್ಣೇ. ಒರಟಾದ ಬಂಡೆಯ ಮೇಲೆ ಹೊಟ್ಟು, ನಾರು ಮುಂತಾದುವನ್ನು ಬೆರೆಸಿ ಹದಗೊಳಿಸಿದ ಮಣ್ಣುಗಾರೆಯನ್ನು ಬಳಿದು, ಅದರ ಮೇಲೆ ಸುಣ್ಣದ ತೆಳುಲೇಪ ಕೊಟ್ಟು, ಚಿತ್ರ ಬರೆದರು. ನಾರು ಬೆರೆಸಿದುದು ಒಣಗುವ ಮಣ್ಣು ಬಿರಿಯದಿರಲೆಂದು. ಮೃತ್ಕಲೆಯ ವಿದ್ಯಾರ್ಥಿ ತನ್ನ ಮಣ್ಣಿಗೆ ಸುಟ್ಟ ಹೆಂಚಿನ ಪುಡಿ ಬೆರೆಸುವುದೂ ಅದೇ ಉದ್ದೇಶಕ್ಕೆ. ವೇರೂಳಿನ ಮಣ್ಣುಗಾರೆಯಲ್ಲಿ ಗಾಂಜಾ ಗಿಡದ ನಾರು ಬೆರೆತಿದೆಯೆಂದೂ, ಅಜಂತೆಯದರಲ್ಲಿ ಅದು ಇಲ್ಲವೆಂದೂ ೨೦೧೬ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ‘ಹೇಗೆ’ ಎಂಬ ಪ್ರಶ್ನೆಗೆ ಇದು ಒಂದು ಚಿಕ್ಕ ಉತ್ತರ. ಆದರೆ ನಿಜವಾದ ಉತ್ತರ.

೫

ಇನ್ನು ಕೈಲಾಸಕ್ಕೆ ಬರಬಹುದು. ಮಣ್ಣಿನ ಮೂರ್ತಿಗೂ ಬಂಡೆಯ ದೇಗುಲಕ್ಕೂ ಏನು ಸಂಬಂಧವೆಂಬ ಸಂದೇಹಕ್ಕೆ ಉತ್ತರವನ್ನು ಪಟ್ಟದಕಲ್ಲಿನಿಂದ ಆರಂಭಿಸಬೇಕು.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಸುಮಾರು ೭೪೦ರಲ್ಲಿ ಕಟ್ಟಿಸಿದ್ದು. ವೇರೂಳಿನ ಕೈಲಾಸ ಅದರ ವಿನ್ಯಾಸವನ್ನು ಬಹುಮಟ್ಟಿಗೆ ಅನುಸರಿಸಿದೆಯೆಂಬುದು ವಿದ್ವಾಂಸರಿಗೆ ಸಮ್ಮತವಾದ ವಿಷಯ. ಈ ಅರ್ಥದಲ್ಲಿ ಕೈಲಾಸ ಒಂದು ಶಿಷ್ಯಕೃತಿ. ಆದರೆ ಶಿಷ್ಯನು ಗುರುವಿನ ರೂಪವನ್ನು ಸ್ವೀಕರಿಸಿ ಅವನ ದಾರಿಯನ್ನು ತಲೆಕೆಳಗು ಮಾಡಿದ. ಪಟ್ಟದಕಲ್ಲಿನಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಅಧಿಷ್ಠಾನದಿಂದ ಶಿಖರಕ್ಕೆ ಏರಿದರು. ವೇರೂಳಿನಲ್ಲಿ ಗುಡ್ಡವನ್ನು ಮೇಲಿನಿಂದ ಕೊರೆಯುತ್ತ ಶಿಖರದಿಂದ ಅಧಿಷ್ಠಾನಕ್ಕೆ ಇಳಿದರು. ಸುಮಾರು ೨೭೬ ಅಡಿ ಉದ್ದ, ೧೫೪ ಅಡಿ ಅಗಲ, ಹಿಂಬದಿಯಲ್ಲಿ ನೂರು ಅಡಿಗೂ ಮಿಕ್ಕ ಆಳವಿರುವ ಹಳ್ಳವನ್ನು ತೋಡಿ, ನಡುವೆ ಬೇಕಾದಷ್ಟನ್ನು ಮಾತ್ರ ಉಳಿಸಿದರು.

ಈಗ ಮೂರು ಬಗೆಯ ಕೆಲಸಗಳನ್ನು ಹೋಲಿಸಿ ನೋಡಬಹುದು. ಮಣ್ಣಿನಲ್ಲಿ ಮಾಡುವವನು ಕೂಡಿಸಲೂ ಬಲ್ಲ, ಕಳೆಯಲೂ ಬಲ್ಲ. ಬೇಡವಾದರೆ ಎಲ್ಲವನ್ನೂ ಮುದ್ದೆಮಾಡಿ ಮೊದಲಿನಿಂದ ತೊಡಗಬಹುದು. ಪೂರ್ತಿ ಒಣಗಿದ್ದನ್ನೂ ನೀರಿಗೆ ಹಾಕಿದರೆ ಮತ್ತೆ ಮಣ್ಣೇ. ಆವಿಗೆಯ ಶಾಖ ಸುಮಾರು ಆರುನೂರು ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವ ಹೊತ್ತಿಗೆ ಮಣ್ಣಿನೊಳಗೆ ರಾಸಾಯನಿಕವಾಗಿ ಬೆರೆತಿದ್ದ ನೀರೂ ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಎಷ್ಟು ನೆನೆದರೂ ಮಣ್ಣಾಗದು. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟುವವನು ಕೆಟ್ಟ ಕಲ್ಲನ್ನು ತೆಗೆದು ಬೇರೊಂದನ್ನು ಇಡಬಹುದು. ಇಡೀ ಬಂಡೆಯನ್ನು ಕಡೆಯುವವನಿಗೆ ಈ ಎರಡು ಅವಕಾಶಗಳೂ ಇಲ್ಲ. ಮಣ್ಣಿನಲ್ಲಿ ಹಿಂತಿರುಗಲಾಗದ ಗಳಿಗೆ ಕೊನೆಯಲ್ಲಿ ಒಮ್ಮೆ ಬರುತ್ತದೆ. ಬಂಡೆಯಲ್ಲಿ ಉಳಿಯ ಪ್ರತಿಯೊಂದು ಏಟಿನಲ್ಲಿಯೂ ಬರುತ್ತದೆ.

ತಾಮ್ರಶಾಸನದ ಅಂಜಿಕೆಗೆ ಕಾರಣ ಇಲ್ಲಿ ಸಿಗುತ್ತದೆ. ಪೈಠಣದ ಅಚ್ಚಿನವನು ಹೇಗೆ ಮಾಡಿದೆನೆಂದು ಬೆರಗಾಗಬೇಕಾಗಿಲ್ಲ. ಅಚ್ಚು ಇರುವವರೆಗೆ ನೂರನೆಯದೂ ಮೊದಲನೆಯದರಂತೆಯೇ ಬರುತ್ತದೆ. ವೇರೂಳಿನವನಿಗೆ ಕರಡು ಪ್ರತಿಯೆಂಬುದೇ ಇಲ್ಲ. ತಪ್ಪಿದ್ದರೆ ಗುಡ್ಡವೇ ಕೆಡುತ್ತಿತ್ತು, ತಪ್ಪಲಿಲ್ಲ. ತಪ್ಪದೆ ಇದ್ದುದು ವಿದ್ಯೆಯಿಂದ ಎಷ್ಟು, ಅದೃಷ್ಟದಿಂದ ಎಷ್ಟು ಎಂಬುದನ್ನು ಅವನು ತಾನೇ ಬಿಡಿಸಿ ಹೇಳಲಾರ.

ಇದಕ್ಕೆ ಸಾಕ್ಷಿ ಹತ್ತಿರದಲ್ಲಿಯೇ ಇದೆ. ವೇರೂಳಿನ ಜೈನ ಗುಹೆಗಳಲ್ಲಿ ಮೂವತ್ತನೆಯದಕ್ಕೆ ಛೋಟಾ ಕೈಲಾಸವೆಂದು ಹೆಸರು. ದೊಡ್ಡ ಕೈಲಾಸವನ್ನು ನೋಡಿ, ಬಹು ಚಿಕ್ಕ ಪ್ರಮಾಣದಲ್ಲಿ, ಅದೇ ಬಂಡೆಯಲ್ಲಿ, ಅದೇ ಕ್ರಮದಿಂದ ಕಡೆಯತೊಡಗಿದ್ದು. ಅದು ಪೂರ್ಣವಾಗಲಿಲ್ಲ. ನಿಂತುದಕ್ಕೆ ಹಣದ ಅಭಾವವೋ ಆಶ್ರಯದ ಅಭಾವವೋ ಇರಬಹುದು. ಆದರೆ ಪ್ರವಾಸಿಗಳು ಅವಸರದಿಂದ ದಾಟಿಹೋಗುವ ಈ ಅಪೂರ್ಣ ಕೃತಿ ವಿದ್ಯಾರ್ಥಿಗೆ ಪೂರ್ಣಕೃತಿಗಿಂತ ಹೆಚ್ಚು ಉಪಕಾರಿ. ಮುಗಿದ ಕೈಲಾಸ ತಾನು ಆದ ಬಗೆಯನ್ನು ಮರೆಮಾಡುತ್ತದೆ. ಮುಗಿಯದ ಕೈಲಾಸ ಅದನ್ನು ಬಿಚ್ಚಿಡುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಕೈಲಾಸದ ಕೆಲಸ ಹಲವು ಅರಸರ ಕಾಲಗಳಲ್ಲಿ ನಡೆಯಿತೆಂದು ಹರ್ಮನ್ ಗೋಟ್ಸ್ ೧೯೫೨ರಲ್ಲಿ ವಾದಿಸಿದರು. ಮುಖ್ಯ ದೇಗುಲ ಕೃಷ್ಣನ ಕಾಲದ್ದೇ, ಉಳಿದ ಕೆಲವು ಭಾಗಗಳು ಮಾತ್ರ ಈಚಿನವು ಎಂದು ಢವಳೀಕರರು ನಿರೂಪಿಸಿದರು. ಎರಡರಲ್ಲಿ ಯಾವುದನ್ನು ಒಪ್ಪಿದರೂ, ‘ನಾನು ಹೇಗೆ ಮಾಡಿದೆ’ ಎಂಬಲ್ಲಿಯ ‘ನಾನು’ ಒಬ್ಬನೇ ವ್ಯಕ್ತಿಯಾಗಿರಲಾರ. ಸೂತ್ರ ಹಿಡಿದವನು ಒಬ್ಬನಿದ್ದರೂ ಉಳಿ ಹಿಡಿದ ಕೈಗಳು ಅಸಂಖ್ಯ. ಮೃತ್ಕಲಾ ವರ್ಗದಲ್ಲಿಯೂ ಮಣ್ಣು ತುಳಿದವರು, ಆವಿಗೆ ಜೋಡಿಸಿದವರು, ರಾತ್ರಿಯೆಲ್ಲ ಶಾಖ ಕಾದವರು ಬೇರೆಬೇರೆ. ಟಿಪ್ಪಣಿಯಲ್ಲಿ ಮಾತ್ರ ‘ನಾನು’ ಒಬ್ಬನೇ ಉಳಿಯುತ್ತಾನೆ.

ಪಟ್ಟದಕಲ್ಲಿನ ಶಾಸನ ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. ಅದು ವಿರೂಪಾಕ್ಷದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅವನಿಗೆ ಸಂದ ಮರ್ಯಾದೆಯನ್ನೂ ಕನ್ನಡದಲ್ಲಿ ದಾಖಲೆಮಾಡಿದೆ. ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲಿದೆ. ವೇರೂಳಿನವನ ಹೆಸರನ್ನು ಉಳಿಸಿಕೊಟ್ಟದ್ದು ಶಾಸನವಲ್ಲ, ಮರಾಠಿಯ ಐತಿಹ್ಯ. ಕೃಷ್ಣ ಯಾಜ್ಞವಲ್ಕಿಯ ‘ಕಥಾಕಲ್ಪತರು’ವಿನಲ್ಲಿ ಬರುವ ಕಥೆಯಂತೆ, ರಾಜನ ರೋಗ ನೀಗಿದರೆ ಶಿವಾಲಯ ಕಟ್ಟಿಸುವೆನೆಂದೂ, ಅದರ ಶಿಖರ ಕಾಣುವವರೆಗೆ ಉಣ್ಣೆನೆಂದೂ ರಾಣಿ ಹರಕೆ ಹೊತ್ತಳು. ಕಟ್ಟಿ ಶಿಖರ ಮುಟ್ಟಬೇಕಾದರೆ ವರ್ಷಗಳೇ ಬೇಕು. ಆಗ ಪೈಠಣದಿಂದ ಬಂದ ಕೋಕಸನೆಂಬ ಶಿಲ್ಪಿ, ಒಂದು ವಾರದಲ್ಲಿ ಶಿಖರವನ್ನು ತೋರಿಸುವೆನೆಂದು ಮಾತುಕೊಟ್ಟು, ಗುಡ್ಡದ ನೆತ್ತಿಯಿಂದಲೇ ಕೆಲಸ ಆರಂಭಿಸಿದ. ಕಥೆಯನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೂ ಆಸ್ಥಾನಕವಿ ಬೆರಗೆಂದು ಬಿಟ್ಟುದನ್ನು ಜನಪದರು ಪ್ರಶ್ನೆಯೆಂದು ತಿಳಿದು ಉತ್ತರ ಕೊಟ್ಟರೆಂಬುದು ಮನನೀಯ. ಮೇಲಿನಿಂದ ಕೆಳಗೆ ಎಂಬ ವಿಧಾನವೂ, ಮಾಡಿದವನ ಹೆಸರೊಂದೂ, ಅವನ ಊರೂ ಆ ಉತ್ತರದಲ್ಲಿ ಸೇರಿವೆ. ಸಂಸ್ಕೃತದ ಪ್ರಶಸ್ತಿಯನ್ನು ಹೆಮ್ಮೆಯಿಂದ ಉದ್ಧರಿಸುವ ಕನ್ನಡಿಗರು ನೆರೆಯ ಭಾಷೆಯ ಈ ಕಥೆಗೆ ಇನ್ನಷ್ಟು ಋಣಿಗಳಾಗಿರಬೇಕಾಗಿತ್ತು.

೬

ಮಾಡಿದುದನ್ನು ಪರೀಕ್ಷಿಸುವ ಬಗೆಯನ್ನೂ ಈ ಸೀಮೆಯ ಕುಂಬಾರರೇ ಕಲಿಸಿದ್ದಾರೆ. ತೇರಿನ ಗೋರಾ ಕುಂಬಾರನ ಕಥೆಯನ್ನು ಮರಾಠಿ ಬಲ್ಲವರೆಲ್ಲರೂ ಕೇಳಿದ್ದಾರೆ. ಸಂತರ ಕೂಟದಲ್ಲಿ ಅವನು ಮಡಕೆ ತಟ್ಟುವ ಹಲಗೆಯಿಂದ ಒಬ್ಬೊಬ್ಬರ ತಲೆಯನ್ನೂ ತಟ್ಟಿ ನೋಡಿ, ನಾಮದೇವನನ್ನು ಇನ್ನೂ ಬೇಯದ ಮಡಕೆಯೆಂದು ನಿರ್ಣಯಿಸಿದನಂತೆ. ಕನ್ನಡದಲ್ಲಿ ಭಾಲ್ಕಿಯ ಕುಂಬಾರ ಗುಂಡಯ್ಯನಿದ್ದಾನೆ. ಹರಿಹರನ ರಗಳೆಯಲ್ಲಿ ಅವನು ಮಡಕೆಯನ್ನು ಬಾರಿಸುತ್ತ ಕುಣಿದರೆ 그 ನಾದಕ್ಕೆ ಶಿವನೇ ಬಂದು ಕುಣಿಯುತ್ತಾನೆ. ಒಬ್ಬನು ತಟ್ಟಿ ದೋಷವನ್ನು ಕೇಳಿಸಿಕೊಂಡ. ಇನ್ನೊಬ್ಬನು ತಟ್ಟಿ ಆನಂದವನ್ನು ಕೇಳಿಸಿದ. ಬೆಂದ ಮಡಕೆಯ ನಾದವೇ ಬೇರೆ, ಬಿರುಕು ಬಿಟ್ಟುದರ ಸಪ್ಪಳವೇ ಬೇರೆ. ಆದರೆ ಎರಡನ್ನೂ ತಿಳಿಯಲು ಇರುವ ಉಪಾಯ ಒಂದೇ. ವಿಮರ್ಶೆಯ ಕೆಲಸವೂ ಇದಕ್ಕಿಂತ ಬೇರೆಯಾದುದಲ್ಲ.

ಮೃತ್ಕಲೆಯ ವಿದ್ಯಾರ್ಥಿಯ ಟಿಪ್ಪಣಿಯನ್ನು ಹೀಗೆ ತಟ್ಟಿ ನೋಡಿದರೆ ಯಾವುದು ಬೆಂದದ್ದು, ಯಾವುದು ಹಸಿ ಎಂಬುದು ತಿಳಿದುಬರುತ್ತದೆ. ಮೂರ್ತಿಯನ್ನು ತೆಗೆದಿಟ್ಟರೂ ಯಾವ ಟಿಪ್ಪಣಿ ಒಂದಕ್ಷರವೂ ಬದಲಾಗದೆ ಮತ್ತೊಂದು ಮೂರ್ತಿಗೆ ಸಲ್ಲುತ್ತದೆಯೋ ಅದು ಹಸಿ. ಈ ಮೂರ್ತಿಯ ಈ ತೋಳು ಇಲ್ಲಿಯೇ ಏಕೆ ಬಾಗಿತೆಂಬುದನ್ನು ಹೇಳುವ ಟಿಪ್ಪಣಿ, ಭಾಷೆ ಒರಟಾಗಿದ್ದರೂ, ಬೆಂದದ್ದು. ಭಾವವನ್ನು ಹೇಳಬಾರದೆಂದಲ್ಲ. ತೋಳು ಬಿದ್ದಾಗ ಆದ ನಿರಾಸೆ, ಆವಿಗೆಯ ಬಾಯಿ ತೆರೆಯುವ ಮುನ್ನಿನ ಅಳುಕು, ಒಡೆಯದೆ ಬಂದುದನ್ನು ಕಂಡಾಗಿನ ಬೆರಗು, ಇವೂ ಆ ಲೆಕ್ಕದಲ್ಲಿ ಸೇರತಕ್ಕವೇ. ವೇರೂಳಿನ ಸ್ಥಪತಿಯ ಬೆರಗು ಇಂದಿಗೂ ಮನಮುಟ್ಟುವುದು ಅದರ ಹಿಂದೆ ನೂರು ಅಡಿ ಆಳದ ಕೆಲಸವಿರುವುದರಿಂದ.

ಗೋದಾವರಿಯ ನಾಡಿನಲ್ಲಿಯೂ ಮುಂಬಯಿಯಲ್ಲಿಯೂ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳು ರಜೆಯ ದಿನಗಳಲ್ಲಿ ಹಿರಿಯರೊಡನೆ ವೇರೂಳಿಗೆ ಹೋಗುತ್ತಾರೆ. ಕೈಲಾಸದ ಅಂಗಳದಲ್ಲಿ ನಿಂತು ಇದನ್ನು ನಮ್ಮ ಅರಸರು ಮಾಡಿಸಿದರೆಂದು ಹೇಳುವುದು ತಪ್ಪಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ಮಗು ಅರಸನ ಹೆಸರನ್ನು ಮಾತ್ರ ಮನೆಗೆ ಒಯ್ಯುತ್ತದೆ. ಅಲ್ಲಿಂದ ಛೋಟಾ ಕೈಲಾಸದವರೆಗೆ ಕರೆದುಕೊಂಡು ಹೋಗಿ ಕೆಲಸ ನಿಂತ ಎಡೆಯನ್ನು ತೋರಿಸಬೇಕು. ಪೈಠಣದಲ್ಲಿ ಟೊಳ್ಳು ಮೂರ್ತಿಯ ಒಳಗನ್ನು ನೋಡಿಸಬೇಕು. ನಾಸಿಕದ ಗುಹೆಯಲ್ಲಿ ಕುಂಬಾರರ ಶ್ರೇಣಿಯ ಲೆಕ್ಕವನ್ನು ಓದಿ ಹೇಳಬೇಕು. ಮನೆಗೆ ಬಂದ ಮೇಲೆ ಒಂದು ಮುದ್ದೆ ಜೇಡಿಮಣ್ಣನ್ನು ಕೈಗೆ ಕೊಡಬೇಕು. ಅದು ಮಾಡಿದ ಮೊದಲ ಆನೆಯ ಸೊಂಡಿಲು ಮುರಿದುಬಿದ್ದಾಗ, ಕರ್ಕನ ತಾಮ್ರಪಟ ಉತ್ತರವಿಲ್ಲದೆ ಬಿಟ್ಟ ಪ್ರಶ್ನೆಯನ್ನು ಆ ಮಗು ತಾನಾಗಿಯೇ ಕೇಳುತ್ತದೆ.